ಹೊಲಿಗೆಯೊಳಗೆ ಬಿಟ್ಟ ಬಟ್ಟೆ

ಇವಳೇ,

ಅಲ್ಲ, ನಿನ್ನೆ ಹೇಳುತ್ತಿದ್ದೆನಲ್ಲ, ಆ ಚೀಟಿಯ ವಿಷಯ ಅರ್ಧಕ್ಕೇ ನಿಂತುಹೋಯಿತು. ನೀನು ಹೋಗಿ ಹದಿನಾಲ್ಕು ತಿಂಗಳಾದರೂ ನನ್ನ ಮಾತು ಮುಗಿದಿಲ್ಲ, ಬೈಯಬೇಡ. ಕಳೆದ ಭಾನುವಾರ ಪಾಸ್ಟರ್ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ದೇವರು ನಿಮಗೆ ಕೊಟ್ಟ ವರ ಯಾವುದು, ಅದರಿಂದ ಸಭೆಗೆ ಏನು ಸೇವೆ ಮಾಡುತ್ತೀರಿ, ಬರೆದು ಪೆಟ್ಟಿಗೆಗೆ ಹಾಕಿ ಎಂದರು. ಪಕ್ಕದ ನರ್ಸಮ್ಮ ಕಾಯಿಲೆಯವರನ್ನು ನೋಡಿಕೊಳ್ಳುವುದು ಎಂದು ಬರೆದಳು. ನಾನು ‘ನಿಲ್’ ಎಂದು ಬರೆದೆ, ಏನೂ ಇಲ್ಲ ಅಂತ. ವರ ಇದ್ದದ್ದು ನಿನಗೆ. ನೀನು ಹಾಡುತ್ತಿದ್ದೆ, ನಾನು ಮೂರನೇ ಬೆಂಚಿನಲ್ಲಿ ಕೂತು ಬೀಗುತ್ತಿದ್ದೆ. ಬೀಗುವುದು ವರವಲ್ಲವಲ್ಲ.

ಬುಧವಾರ ಪಾಸ್ಟರ್ ಆ ಚೀಟಿ ಹಿಡಿದು ಅಂಗಡಿಗೇ ಬಂದರು. ಅದನ್ನು ಹೊಲಿಗೆ ಯಂತ್ರದ ಮೇಲಿಟ್ಟು, “ಟೈಲರಣ್ಣ, ದೇವರ ಮನೇಲಿ ಕೂತು ಇಷ್ಟು ದೊಡ್ಡ ಸುಳ್ಳು ಬರೀಬಹುದಾ?” ಎಂದರು. ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು. ಬೇಕರಿಯಮ್ಮ ಗಾಯನ ತಂಡ ಸೇರಿದ್ದಾಳೆ. ದನಿ ಎಂದರೆ ಕಿಟಕಿ ಗಾಜು ಅದುರಬೇಕು. ಆದರೆ ಅವಳ ಮೈಗಾಗುವ ನಿಲುವಂಗಿಯಿಲ್ಲ. ಎಲ್ಲರೂ ಕಡುಗೆಂಪು ತೊಟ್ಟು ನಿಂತರೆ ಅವಳೊಬ್ಬಳು ಕಂಬದ ಮರೆಯಲ್ಲಿ ಹಾಡುತ್ತಾಳೆ. ನಾಚಿಕೆಯಾಗುತ್ತದೆ, ಇನ್ನು ಬರುವುದಿಲ್ಲ ಎಂದಿದ್ದಾಳಂತೆ. ಆ ಬಟ್ಟೆ ಈಗ ಎಲ್ಲೂ ಸಿಗುವುದಿಲ್ಲ. ಯಾರೂ ತೊಡದೆ ಉಳಿದಿರುವುದು ನಮ್ಮ ಬೀರುವಿನಲ್ಲಿರುವ ನಿನ್ನದೊಂದೇ. ಪಾಸ್ಟರ್ ಅದನ್ನು ಕೇಳಲಿಲ್ಲ, ಟೀ ಕುಡಿದು ಹೊರಟುಹೋದರು. ಕೇಳಿದ್ದರೆ ಆಗುವುದಿಲ್ಲ ಎನ್ನಬಹುದಿತ್ತು.

ಎರಡು ದಿನ ಬೀರು ತೆರೆದೆ, ಮುಚ್ಚಿದೆ. ಕಾಲರಿನಲ್ಲಿ ಇನ್ನೂ ನಿನ್ನ ಪೌಡರಿನ ವಾಸನೆ. ನೀನೋ ಸಣಕಲಿ, ಅವಳಲ್ಲಿ ಅರ್ಧ. ಹೇಗೂ ಆಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಇವತ್ತು ಬೆಳಿಗ್ಗೆ ಸುಮ್ಮನೆ ಒಳಮಗ್ಗುಲು ತಿರುಗಿಸಿದೆ. ಎರಡೂ ಪಕ್ಕ ನಾಲ್ಕು ನಾಲ್ಕು ಬೆರಳು ಬಟ್ಟೆ ಮಡಿಸಿಕೊಂಡು ಕೂತಿತ್ತು. ಹೊಲಿದ ದಿನ ಅದನ್ನು ನೋಡಿ ನೀನು ರೇಗಿದ್ದೆ: “ಏನ್ರೀ, ನಾನು ಇಷ್ಟು ದಪ್ಪ ಆಗ್ತೀನಿ ಅಂತಾನಾ?” ಯಾರಿಗೆ ಹೊಲಿದರೂ ಹೀಗೇ ಬಿಡುತ್ತೇನೆ ಎಂದರೂ ನೀನು ಎರಡು ದಿನ ಮಾತಾಡಲಿಲ್ಲ. ಹೀಗೆ ಬೇಕಾದೀತೆಂದು ಹೆಚ್ಚಿಗೆ ಬಿಡುವುದಕ್ಕೆ ಮಾರ್ಜಿನ್ ಆಫ್ ಸೇಫ್ಟಿಯೋ, ಸೇಫ್ಟಿ ಆಫ್ ಮಾರ್ಜಿನ್ನೋ, ನಾನು ಅರ್ಧಕ್ಕೆ ಬಿಟ್ಟ ಕಾಲೇಜಿನಲ್ಲಿ ಏನೋ ಹೆಸರು ಹೇಳಿಕೊಟ್ಟಿದ್ದರು.

ಬಿಚ್ಚಿದೆ, ಕಣೇ. ಹೊರಗಿನ ಬಣ್ಣ ಮಾಸಿದೆ, ಒಳಗೆ ಅಡಗಿದ್ದದ್ದು ಹೊಸದರಂತಿದೆ. ಪಕ್ಕದಲ್ಲಿ ಎರಡು ಪಟ್ಟಿ ಎದ್ದು ಕಾಣುತ್ತವೆ. ಕಾಣಲಿ. ಅಷ್ಟು ನನ್ನದು, ಉಳಿದದ್ದು ನಿನ್ನದು.

ಮಧ್ಯಾಹ್ನ ಬೇಕರಿಯಮ್ಮ ಬಂದು ತೊಟ್ಟು ನೋಡಿದಳು. ಕನ್ನಡಿಯ ಮುಂದೆ ಮೈ ಬಿಗಿದು ನಿಂತು, “ಅಣ್ಣ, ಉಸಿರು ಬಿಡಬಹುದಾ?” ಎಂದಳು.

“ಬಿಡಮ್ಮ. ಅದಕ್ಕೇ ಬಟ್ಟೆ ಇಟ್ಟಿದ್ದೆ.”

ಬಿಟ್ಟಳು. ಹೊಲಿಗೆ ತಡೆದುಕೊಂಡಿತು. ಇಬ್ಬರೂ ನಕ್ಕೆವು, ಅವಳ ಕಣ್ಣು ಸ್ವಲ್ಪ ಒದ್ದೆಯಾಯಿತು. ನನ್ನದರ ವಿಷಯ ಬೇಡ.

ಅವಳು ಹೋದ ಮೇಲೆ ಚೀಟಿಯಲ್ಲಿ ‘ನಿಲ್’ ಹೊಡೆದುಹಾಕಿ, ‘ಒಳಗೆ ಬಟ್ಟೆ ಬಿಡುವುದು’ ಎಂದು ಬರೆದೆ. ನಾಳೆ ಪೆಟ್ಟಿಗೆಗೆ ಹಾಕುತ್ತೇನೆ. ಮೂರನೇ ಬೆಂಚಿನಲ್ಲಿ ಕೂತು ಮತ್ತೆ ಬೀಗುತ್ತೇನೆ, ಕೋಪ ಮಾಡಿಕೊಳ್ಳಬೇಡ.

ಅಯ್ಯೋ, ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ, ಅಂಚು ಮಡಿಸುವುದು ಇನ್ನೂ ಬಾಕಿ. ಸೂಜಿಯ ಕಣ್ಣು ಕಾಣುತ್ತಿರುವಾಗಲೇ ಕೂರುತ್ತೇನೆ. ನೀನಿರುವಲ್ಲಿ ದನಿ ಎತ್ತಿ ಹಾಡು, ದೇವರು ನಿನ್ನನ್ನು ತಣ್ಣಗೆ ಇಟ್ಟಿರಲಿ.

ಅಳತೆಗಿಂತ ಹೆಚ್ಚು ಮಾತಾಡುವ,
ನಿನ್ನ ಟೈಲರು