ಮೂರನೇ ಸೂಜಿ

ರೀ,

ರಾತ್ರಿ ಕೇಳಿದ ಕಿರಕ್ ಕಿರಕ್ ಸದ್ದು ಇಲಿಯದಲ್ಲ, ಕತ್ತರಿಯದು ಅಂತ ಬೆಳಿಗ್ಗೆ ಗೊತ್ತಾಯಿತು. ನಿಮ್ಮ ತಂಗಿಯ ಮಗುವಿಗೆಂದು ನಾನು ಹೊಲಿದ ಕೌದಿಯನ್ನು ಎತ್ತಿದರೆ ಮೇಜಿನ ಬಟ್ಟೆಯೂ ಜೊತೆಗೇ ಎದ್ದು ಬಂತು. ಇಸ್ತ್ರಿ ಮಾಡಲು ಹೋಗಿ ನೀವು ಸುಟ್ಟ ತೂತಿಗೆ ಹಾಕಿದ ತೇಪೆ ಎರಡನ್ನೂ ಹಿಡಿದುಕೊಂಡಿದೆ. ಬೆಕ್ಕು ಹಾಲು ಕುಡಿಯುವಂತೆ ಕಣ್ಣು ಮುಚ್ಚಿ ಹೊಲಿದಿರೇನೋ.

ಮೇಜಿನ ಬಟ್ಟೆಯನ್ನು ತೇಪೆಯ ಸುತ್ತ ಕತ್ತರಿಸಿ ತೆಗೆಯಿರಿ, ಹೊಲಿಗೆ ಬಿಚ್ಚಬೇಡಿ. ತೇಪೆಗೆಂದು ನೀವು ಕತ್ತರಿಸಿದ ನಿಮ್ಮ ನೀಲಿ ಅಂಗಿಯ ಜೇಬು ಅಲ್ಲಿ ಚೆನ್ನಾಗಿಯೇ ಕಾಣುತ್ತದೆ.

ಸೂಜಿ ಮೂರಿದ್ದವು, ಈಗ ಎರಡಿವೆ. ಕೌದಿಯನ್ನು ಎರಡು ಸಲ ಸವರಿ ನೋಡಿದೆ, ಸಿಗಲಿಲ್ಲ. ಸಂಜೆ ನಿಮ್ಮ ತಂಗಿ ಬರುವಷ್ಟರಲ್ಲಿ ಸೂಜಿ ಸಿಕ್ಕರೆ ಮಾತ್ರ ಕೌದಿ ಕೊಡಿ. ಸಿಗದಿದ್ದರೆ ನಾನಿನ್ನೂ ಮುಗಿಸಿಲ್ಲ ಅಂದುಬಿಡಿ, ಬೈಗುಳ ನನಗಿರಲಿ.

ಸುಟ್ಟ ವಿಷಯ ನಾನು ಯಾರಿಗೂ ಹೇಳುವುದಿಲ್ಲ.