ನಿಂಬೆಹಣ್ಣಿನ ಬ್ರೇಕು

ವಿದ್ಯಾನಗರ, ಹುಬ್ಬಳ್ಳಿ
೨೦ ಅಕ್ಟೋಬರ್ ೧೯೯೮

ನಿಂಬೆಹಣ್ಣಿನ ಮಹಿಮೆಯನ್ನು ಜಗತ್ತಿಗೆ ಸಾರಿದ ಪೂಜ್ಯ ಮುರುಗೆಪ್ಪ ಕಾಕಾ ಅವರಿಗೆ ಸಿಟ್ಟಿನ ನಮಸ್ಕಾರಗಳು.

ಅಜ್ಜನ ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೆ ನಾನು ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನು ಹೊಸದಾಗಿ ಕಟ್ಟಿದ್ದೆ. ಡಿಸ್ಕ್ ಬ್ರೇಕನ್ನೂ ಕೂರಿಸಿದ್ದೆ, ಆದರೆ ಅದಕ್ಕಿನ್ನೂ ಆಯಿಲ್ ತುಂಬಿರಲಿಲ್ಲ, ಅದಿಲ್ಲದೆ ಬ್ರೇಕು ಹಿಡಿಯುವುದಿಲ್ಲ. ದಸರೆಯಲ್ಲಿ ಆಯುಧ, ಗಾಡಿಗಳಿಗೆ ಮಾಡುವ ಖಂಡೇಪೂಜೆಯ ದಿನ ಇದನ್ನು ನಿಮಗೆ ಕೈಮುಗಿದು ಹೇಳಿದೆ. ನೀವು ಗಾಲಿಯಡಿಯ ಕಲ್ಲು ತೆಗೆದು ನಿಂಬೆಹಣ್ಣು ಇಟ್ಟಿರಿ. "ಪೂಜಿ ಆದ ಗಾಡಿಗೆ ಏನೂ ಆಗಂಗಿಲ್ಲಲೇ, ಸುಮ್ನಿರು" ಎಂದು ಉಮಾಶ್ರೀ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಮ್ಮ ಓಣಿಯ ಇಳಿಜಾರಿಗೆ ಹೊರಟೇಬಿಟ್ಟಿರಿ.

ನಿಮ್ಮನ್ನು ನಿಲ್ಲಿಸಿದ್ದು ನಿಂಬೆಹಣ್ಣಲ್ಲ, ಮೂಲೆಯಲ್ಲಿ ಯಾರೋ ಮನೆ ಕಟ್ಟಲು ಸುರಿಸಿದ್ದ ಉಸುಕಿನ ಗುಡ್ಡೆ. ನೀವು ಮೈಕೊಡವಿ ಎದ್ದು "ದೇವರು ಉಳಿಸಿದಾ" ಎಂದು ಪೇಢೆ ಹಂಚಿದಿರಿ. ಅಕ್ಕ ಮಾತ್ರ ಇವತ್ತಿಗೂ ಸಿಟಿ ಬಸ್ಸಿನಲ್ಲಿ ಕೂತರೆ ಬಲಗಾಲಿನಿಂದ ನೆಲವನ್ನು ಒತ್ತಿ ಹಿಡಿಯುತ್ತಾಳೆ.

ಈಗ ಬ್ರೇಕಿನ ಕೆಲಸ ಮುಗಿದಿದೆ. ಕಾರು ಮತ್ತೆ ಬೇಕೆಂದು ಅಪ್ಪನಿಗೆ ಹೇಳಿಕಳಿಸಿದ್ದೀರಂತೆ. ಕೊಡುತ್ತೇನೆ. ಅದಕ್ಕೆ ಮೊದಲು, ಭಾನುವಾರ ಬೆಳಿಗ್ಗೆ ತಾವು ದಯಮಾಡಿಸಿ ಅದೇ ಇಳಿಜಾರಿನಲ್ಲಿ ಎಡಗಡೆಯ ಸೀಟನ್ನು ಅಲಂಕರಿಸಬೇಕು. ಓಡಿಸುವವಳು ಅಕ್ಕ, ಅವಳೇ ಕೇಳಿಕೊಂಡಿದ್ದಾಳೆ.

ನಿಮ್ಮ ಕಾಲಡಿ ಒಂದು ನಿಂಬೆಹಣ್ಣು ಇಟ್ಟಿರುತ್ತೇನೆ. ಬೇಕಾದಷ್ಟು ಒತ್ತಿರಿ.

ಬ್ರೇಕ್ ಆಯಿಲ್ ಮೇಲಷ್ಟೇ ಭಕ್ತಿಯುಳ್ಳ,
ಮಹಾಂತೇಶ