ಗೆರೆಯ ಕೆಳಗಿನ ಕಲೆ

ಅದನ್ನೇ ನಿನ್ನೆ ಹೇಳುತ್ತಿದ್ದೆನಲ್ಲ ಮುಕ್ತಾ, ಇವತ್ತು ಥಾಣೆ ಊರಿನ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗಿಬಂದೆ. ನೀನು ತೀರಿಹೋದ ಮೇಲೆ ನಲವತ್ತು ಕಿಲೋ ಇಳಿದಿದ್ದೇನೆ. ಹೊಟ್ಟೆಯ ಚರ್ಮ ಮಾತ್ರ ಖಾಲಿ ಚೀಲದಂತೆ ಜೋತುಬಿದ್ದು, ಮಡಿಕೆಯಲ್ಲಿ ಬೆವರಿ ಹುಣ್ಣಾಗುತ್ತದೆ. ಡಾಕ್ಟರು ಪೆನ್ನಿನಿಂದ ಅಡ್ಡಗೆರೆ ಎಳೆದು, "ಇದರ ಕೆಳಗಿನದೆಲ್ಲ ಎಕ್ಸೆಸ್, ಅಂಕಲ್. ನಿಕಾಲ್ ದೇಂಗೆ" ಅಂದರು, ಕತ್ತರಿಸಿ ತೆಗೆದುಬಿಡುತ್ತಾರಂತೆ. ಎಕ್ಸೆಸ್ಸಿಗೂ ಸರ್‌ಪ್ಲಸ್ಸಿಗೂ ಬಿ.ಕಾಂ.ನಲ್ಲಿ ಏನೋ ವ್ಯತ್ಯಾಸವಿತ್ತು, ಮರೆತೆ.

ಗೆರೆಯ ಕೆಳಗೇ ಇದೆ, ಮದುವೆಯ ಹೊಸದರಲ್ಲಿ ನಮ್ಮ ಡೊಂಬಿವಲಿ ಹೋಟೆಲಿನಲ್ಲಿ ನೀನು ಚೆಲ್ಲಿದ ಬಿಸಿ ಸಾಂಬಾರಿನ ಕಲೆ.

"ಇದೊಂದು ಉಳಿಸಬಹುದಾ?" ಎಂದೆ.

"ಅಂಕಲ್, ಟ್ಯಾಟೂ ಥೋಡಿ ಹೈ!" ಎಂದು ನಕ್ಕರು, ಉಳಿಸಿಕೊಳ್ಳಲು ಇದೇನು ಹಚ್ಚೆಯೇ ಎನ್ನುವಂತೆ.

"ನನ್ನೊಟ್ಟಿಗೆ ಸ್ವಲ್ಪ ನಡೀರಿ ಮಾರಾಯ್ರೆ" ಎಂದು ನೀನು ಇಪ್ಪತ್ತು ವರ್ಷ ಕರೆದೆ, ನಾನು ಬರಲಿಲ್ಲ. ಈಗ ದಿನಾ ಎರಡು ಗಂಟೆ ನಡೆಯುತ್ತೇನೆ.

ಆಪರೇಷನ್ ಬೇಕೋ ಬೇಡವೋ, ನಾಳೆ ಡಾಕ್ಟರಿಗೆ ಏನು ಹೇಳಲಿ? ಗೆರೆಯನ್ನಿನ್ನೂ ತೊಳೆದಿಲ್ಲ. ಬೆಳಕು ಇಳಿಯುತ್ತಿದೆ, ಗೆರೆ ಯಾವುದು, ಕಲೆ ಯಾವುದು, ಕಾಣಿಸುತ್ತಿಲ್ಲ.